ಬಾಡುವ ಕಲೆಗೊಂದು ಪ್ರದರ್ಶನ

ಜಪಾನಿನ ಹೂ ಜೋಡಣೆಯ ಕಲೆಗೆ ಅಲ್ಲಿನವರು ಇಟ್ಟ ಹೆಸರು ಇಕೆಬಾನಾ. 'ಇಕೆರು' ಎಂದರೆ ಬದುಕಿಸಿಡುವುದು, 'ಹಾನಾ' ಎಂದರೆ ಹೂ. ಕನ್ನಡದಲ್ಲಿ ನಾವು ಹೂವನ್ನು ಕಟ್ಟುತ್ತೇವೆ, ಮುಡಿಯುತ್ತೇವೆ, ಏರಿಸುತ್ತೇವೆ. ಉರ್ದುವಿನಲ್ಲಿ ಗುಲ್‌ದಸ್ತಾ ಎನ್ನುತ್ತೇವೆ. ಆ ಮಾತಿನೊಳಗೆ ಹೂವಿನ ಜೊತೆಗೆ ಅದನ್ನು ಹಿಡಿದ ಕೈ, ಅಂದರೆ 'ದಸ್ತ್', ಕೂಡ ಇದೆ. ಜಪಾನೀ ಪದದಲ್ಲಿರುವುದು ಒಂದು ಹೊಣೆ. ಗಿಡದಿಂದ ಕತ್ತರಿಸಿ ತಂದಿದ್ದೀಯ, ಇನ್ನು ಅದನ್ನು ಆದಷ್ಟು ಹೊತ್ತು ಬದುಕಿಸು ಎಂಬ ಹೊಣೆ.

ಇಂಥ ಕಲೆಯನ್ನು ಸಾರ್ವಜನಿಕ ಪ್ರದರ್ಶನಕ್ಕೆ ಇಡುವುದು ಹೇಗೆ? ಚಿತ್ರವನ್ನು ಗೋಡೆಗೆ ತೂಗುಹಾಕಿ ಚಿತ್ರಕಾರ ಮನೆಗೆ ಹೋಗಬಹುದು. ಶಿಲ್ಪ ನೂರು ವರ್ಷ ನಿಂತಲ್ಲೇ ನಿಲ್ಲುತ್ತದೆ. ಹೂದಾನಿಯಲ್ಲಿಟ್ಟ ಐರಿಸ್ ಹೂವಿನ ಗತಿ ಹಾಗಲ್ಲ. ಬೆಳಿಗ್ಗೆ ಬಂದವರು ನೋಡಿದ್ದು ಮೊಗ್ಗು, ಸಂಜೆ ಬಂದವರು ನೋಡಿದ್ದು ಅರಳಿದ ಹೂ, ಮರುದಿನ ಬಂದವರು ನೋಡುವುದು ಮುದುಡಿದ ಎಸಳು. ಮೂವರೂ ಒಂದೇ ಕೃತಿಯನ್ನು ನೋಡಿದರು ಎನ್ನುವುದಾದರೂ ಹೇಗೆ? ಇಕೆಬಾನಾ ಪ್ರದರ್ಶನಗಳ ಬಗ್ಗೆ ಮಾತಾಡುವಾಗ ಈ ಪ್ರಶ್ನೆಯಿಂದಲೇ ಹೊರಡಬೇಕು ಎಂದು ನಮಗೆ ಅನಿಸುತ್ತದೆ. ಏಕೆಂದರೆ ಬಹುಪಾಲು ಪ್ರದರ್ಶನಗಳು ಈ ಪ್ರಶ್ನೆಯನ್ನು ನೋಡುಗನಿಂದ ಮುಚ್ಚಿಡುವುದರಲ್ಲೇ ತಮ್ಮ ಜಾಣ್ಮೆಯನ್ನೆಲ್ಲ ಖರ್ಚು ಮಾಡುತ್ತವೆ.

ಜಪಾನೀ ಮನೆಯಲ್ಲಿ ಹೂವಿಗೊಂದು ಗೊತ್ತಾದ ಜಾಗವಿತ್ತು. ಅತಿಥಿಗಳನ್ನು ಕೂರಿಸುವ ಕೋಣೆಯ ಗೋಡೆಯಲ್ಲಿ ಒಳಕ್ಕೆ ತಗ್ಗಾಗಿ ಬಿಟ್ಟ, ನೆಲದಿಂದ ತುಸು ಎತ್ತರದ ಆ ಜಾಗವನ್ನು ತೊಕೊನೊಮಾ ಎನ್ನುತ್ತಾರೆ. ಅಲ್ಲೊಂದು ಚಿತ್ರಪಟ ಅಥವಾ ಅಕ್ಷರಪಟ, ಅದರ ಕೆಳಗೆ ಹೂ. ಅತಿಥಿ ಚಾಪೆಯ ಮೇಲೆ ಕೂತು ನೋಡುತ್ತಾನೆ. ಅವನ ಕಣ್ಣಿನ ಎತ್ತರ ಗೊತ್ತು, ದೂರ ಗೊತ್ತು, ಅವನು ಎದುರಿನಿಂದಲೇ ನೋಡುತ್ತಾನೆ ಎಂಬುದೂ ಗೊತ್ತು. ಹೂ ಜೋಡಿಸುವವರು ಈ ಲೆಕ್ಕವನ್ನೆಲ್ಲ ಇಟ್ಟುಕೊಂಡೇ ಕೊಂಬೆಯ ಓರೆಯನ್ನು ನಿರ್ಧರಿಸುತ್ತಿದ್ದರು.

ಚಹಾಗುರು ಸೆನ್ ನೊ ರಿಕ್ಯೂನ ಬಗ್ಗೆ ಒಂದು ಪ್ರಸಿದ್ಧ ಕತೆ ಇದೆ. ಒಕಾಕುರಾ ಕಾಕುಜೊ 1906ರಲ್ಲಿ ಪ್ರಕಟಿಸಿದ 'ದಿ ಬುಕ್ ಆಫ್ ಟೀ' ಪುಸ್ತಕದಿಂದ ಅದು ಜಪಾನಿನ ಹೊರಗೂ ಹರಡಿತು. ರಿಕ್ಯೂನ ತೋಟದ ತುಂಬ ಬೆಳಗಿನ ಹೊತ್ತು ಅರಳುವ ಮಾರ್ನಿಂಗ್ ಗ್ಲೋರಿ ಬಳ್ಳಿ ಹಬ್ಬಿದೆ ಎಂಬ ಸುದ್ದಿ ಕೇಳಿ ಆ ಕಾಲದ ದೊರೆ ತೊಯೊತೊಮಿ ಹಿಡೆಯೊಶಿ ನೋಡಲು ಬಂದ. ಬಂದು ನೋಡಿದರೆ ತೋಟದಲ್ಲಿ ಒಂದು ಹೂವೂ ಇಲ್ಲ. ಸಿಟ್ಟಿನಿಂದ ಚಹಾ ಕೋಣೆಗೆ ನುಗ್ಗಿದವನಿಗೆ ತೊಕೊನೊಮಾದಲ್ಲಿ ಕಂಡದ್ದು ಒಂದೇ ಒಂದು ಹೂ. ಆ ಒಂದನ್ನು ನೋಡಿಸಲು ರಿಕ್ಯೂ ಉಳಿದ ಎಲ್ಲವನ್ನೂ ತೆಗೆಸಿಹಾಕಿದ್ದ. ಕತೆ ನಡೆದದ್ದೋ ಕಟ್ಟಿದ್ದೋ, ಅದು ಹೇಳುವ ಮಾತು ಸ್ಪಷ್ಟ: ನೂರನ್ನು ತೋರಿಸಿದರೆ ಒಂದೂ ಕಾಣುವುದಿಲ್ಲ. ಆ ಒಂದಕ್ಕಾಗಿ ತೋಟವನ್ನೇ ಬೋಳಿಸಿದ ಕ್ರೌರ್ಯವೂ ಕತೆಯೊಳಗೇ ಇದೆ ಎಂಬುದನ್ನು ಮರೆಯಬಾರದು.

ಹಾಗಾದರೆ ಇಕೆಬಾನಾ ಮೂಲದಲ್ಲಿ ಏಕಾಂತದ ಕಲೆ, ಪ್ರದರ್ಶನ ಎಂಬುದು ಆಧುನಿಕ ಪೇಟೆ ತಂದ ಕೇಡು ಎಂದು ತೀರ್ಪು ಕೊಟ್ಟುಬಿಡಬಹುದೆ? ಇತಿಹಾಸ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಈ ಕಲೆಯ ಅತ್ಯಂತ ಹಳೆಯ ಪರಂಪರೆ ಇಕೆನೊಬೊ. ಕ್ಯೋಟೋದ ರೊಕ್ಕಕುದೊ ಎಂಬ ಬೌದ್ಧ ದೇವಾಲಯದ ಕೊಳದ ದಂಡೆಯಲ್ಲಿ ವಾಸವಿದ್ದ ಪೂಜಾರಿಗಳಿಂದ ಅದು ಬೆಳೆಯಿತು. ಇಕೆನೊಬೊ ಎಂಬ ಹೆಸರಿನ ಅರ್ಥವೇ ಕೊಳದ ದಂಡೆಯ ಬಿಡಾರ ಎಂದು. ಆ ಪರಂಪರೆಯ ಸೆಂಕೆ ಎಂಬವನು 1462ರಲ್ಲಿ ಒಬ್ಬ ಸಾಮಂತನ ಮನೆಯಲ್ಲಿ ಚಿನ್ನದ ಹೂದಾನಿಯಲ್ಲಿ ಹತ್ತಾರು ಕಡ್ಡಿಗಳ ಹೂ ನಿಲ್ಲಿಸಿದ. ಅದನ್ನು ನೋಡಲು ಕ್ಯೋಟೋದ ರಸಿಕರು ಪೈಪೋಟಿಯಿಂದ ಬಂದರು ಎಂದು ಒಬ್ಬ ಬೌದ್ಧ ಭಿಕ್ಷು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಇಕೆನೊಬೊದವರು ತಮ್ಮ ಇತಿಹಾಸವನ್ನು ಲೆಕ್ಕ ಹಾಕುವುದು ಈ ದಾಖಲೆಯಿಂದಲೇ. ಅಂದರೆ ಈ ಕಲೆಯ ಮೊದಲ ದಾಖಲೆಯಲ್ಲೇ ಹೂವಿನ ಮುಂದೆ ನೆರೆದ ಜನರಿದ್ದಾರೆ.

ಮುಂದೆ 1594ರಲ್ಲಿ ಅದೇ ಪರಂಪರೆಯ ಮೊದಲನೆಯ ಸೆಂಕೊ, ಮಾಯೆದಾ ತೊಶಿಯೆಯ ಮಹಲಿನಲ್ಲಿ ಹಿಡೆಯೊಶಿಯ ಸ್ವಾಗತಕ್ಕಾಗಿ ಸುಮಾರು ಏಳು ಮೀಟರ್ ಅಗಲದ ಒಂದು ಬೃಹತ್ ಜೋಡಣೆ ಮಾಡಿದ. ಹಿಂದಿನ ಗೋಡೆಯಲ್ಲಿ ಕೋತಿಗಳನ್ನು ಬರೆದ ಚಿತ್ರಪಟಗಳಿದ್ದವು. ಮುಂದೆ ಚಾಚಿದ ಪೈನ್ ಮರದ ಕೊಂಬೆಗಳ ಮೇಲೆ ಆ ಕೋತಿಗಳು ಆಡುತ್ತಿರುವಂತೆ ಕಾಣಬೇಕು, ಹಾಗೆ ಹೊಂದಿಸಿದ್ದ. ಒಂದೇ ಹೂವಿನ ಕತೆಯಲ್ಲಿ ಬರುವ ದೊರೆಯೂ ಹಿಡೆಯೊಶಿ, ಏಳು ಮೀಟರ್ ಕೊಂಬೆಯ ಎದುರು ಕೂತವನೂ ಅದೇ ಹಿಡೆಯೊಶಿ. ಆದ್ದರಿಂದ ಹಳೆಯದು ಶುದ್ಧ, ಹೊಸದು ಭ್ರಷ್ಟ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಕೇಳಬೇಕಾದದ್ದು ಇಷ್ಟೆ: ಯಾರು ಯಾರಿಗೆ ತೋರಿಸುತ್ತಿದ್ದಾರೆ? ಏನನ್ನು ಮರೆಮಾಡುತ್ತಿದ್ದಾರೆ?

ಇಂದು ನಾವು ಕಾಣುವ ಪ್ರದರ್ಶನದ ರೂಪ ಬಂದದ್ದು ಹತ್ತೊಂಬತ್ತನೇ ಶತಮಾನದ ಕೊನೆಗೆ ಮತ್ತು ಇಪ್ಪತ್ತನೆಯ ಶತಮಾನದಲ್ಲಿ. ಪಶ್ಚಿಮದಿಂದ ಹೊಸ ಜಾತಿಯ ಹೂಗಳು ಬಂದವು, ಮೇಜು ಕುರ್ಚಿಯ ಕೋಣೆಗಳು ಬಂದವು. ಒಹಾರಾ ಉನ್‌ಶಿನ್ ಎಂಬಾತ ಅಗಲವಾದ ತಗ್ಗು ತಟ್ಟೆಯಲ್ಲಿ ಹೂಗಳನ್ನು ರಾಶಿಯಂತೆ ಜೋಡಿಸುವ ಮೊರಿಬಾನಾ ಎಂಬ ರೀತಿಯನ್ನು ಬೆಳೆಸಿದ. ತೊಕೊನೊಮಾ ಇಲ್ಲದ ಕೋಣೆಯಲ್ಲೂ ಇಡಬಹುದಾದ ಹೂ ಅದು. 1927ರಲ್ಲಿ ತೆಶಿಗಾಹಾರಾ ಸೋಫು ಸೊಗೆತ್ಸು ಎಂಬ ಹೊಸ ಶಾಲೆಯನ್ನು ಕಟ್ಟಿ, ಮರುವರ್ಷ ಟೋಕಿಯೋದ ಗಿಂಜಾ ಪೇಟೆಯಲ್ಲಿ ಸೆಂಬಿಕಿಯಾ ಎಂಬ ಹೆಸರಾಂತ ಹಣ್ಣಿನಂಗಡಿಯ ಜಾಗದಲ್ಲಿ ಅದರ ಮೊದಲ ಪ್ರದರ್ಶನ ನಡೆಸಿದ. ಬಳಿಕ ಮಿತ್ಸುಕೊಶಿ, ತಾಕಾಶಿಮಾಯಾದಂಥ ದೊಡ್ಡ ಮಳಿಗೆಗಳ ಮೇಲಂತಸ್ತಿನ ಸಭಾಂಗಣಗಳೇ ಇಕೆಬಾನಾದ ಊರಬಾಗಿಲಾದವು. ಸೀರೆಗೆ ಸಮನಾದ ಕಿಮೊನೊ ಕೊಳ್ಳಲು ಬಂದ ಗೃಹಿಣಿ ಲಿಫ್ಟ್ ಹತ್ತಿ ಹೂವನ್ನೂ ನೋಡಿ ಹೋದಳು. ಅರಮನೆಯ ಹೂ ಅಂಗಡಿಗೆ ಬಂತು ಎಂದು ಮೂಗು ಮುರಿಯುವವರ ಜೊತೆ ನಾವಿಲ್ಲ. ದೊರೆಯ ಮಹಲಿಗಿಂತ ಅಂಗಡಿಯ ಬಾಗಿಲು ಖಂಡಿತ ಅಗಲವಾದುದು.

ಪ್ರದರ್ಶನದ ಒಳಕೆಲಸ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ಮಳಿಗೆ ಬಾಗಿಲು ಹಾಕಿದ ಮೇಲೆ ಕೆಲಸ ಶುರು. ಬಟ್ಟೆ ಹೊದಿಸಿದ ಮೇಜುಗಳು, ಹಿಂದೆ ಮಾಸಲು ಬಣ್ಣದ ತೆರೆ, ಪ್ರತಿಯೊಬ್ಬರಿಗೂ ಅಳೆದುಕೊಟ್ಟ ಜಾಗ. ಬಕೆಟ್ಟುಗಳಲ್ಲಿ ಬಂದ ಕೊಂಬೆ, ಹೂಗಳ ತುದಿಯನ್ನು ನೀರಿನೊಳಗೇ ಮುಳುಗಿಸಿ ಕತ್ತರಿಸಬೇಕು; ಗಾಳಿಯಲ್ಲಿ ಕತ್ತರಿಸಿದರೆ ದಂಟಿನೊಳಗಿನ ಸಣ್ಣ ನಾಳಗಳಿಗೆ ಗಾಳಿ ಹೊಕ್ಕು ನೀರು ಮೇಲೇರುವುದಿಲ್ಲ. ತಟ್ಟೆಯ ತಳದಲ್ಲಿ ಕೆನ್‌ಜಾನ್ ಇರುತ್ತದೆ. ಸೀಸದ ಭಾರವಾದ ತಳದ ಮೇಲೆ ಹಿತ್ತಾಳೆಯ ಮುಳ್ಳುಗಳನ್ನು ಒತ್ತಾಗಿ ಕೂರಿಸಿದ ಸಾಧನ ಅದು. ದಂಟನ್ನು ಅದರೊಳಗೆ ಚುಚ್ಚಿ ನಿಲ್ಲಿಸುತ್ತಾರೆ, ನೋಡುಗರಿಗೆ ಅದು ಕಾಣದಂತೆ ಎಲೆಯಿಂದಲೋ ಕಲ್ಲಿನಿಂದಲೋ ಮರೆಮಾಡುತ್ತಾರೆ.

ಹೂವಿಗೆ ಸಭಾಂಗಣ ಒಳ್ಳೆಯ ಮನೆಯಲ್ಲ. ದೀಪಗಳ ಬಿಸಿ, ಹವಾನಿಯಂತ್ರಣದ ಒಣಗಾಳಿ, ನೂರಾರು ಜನರ ಓಡಾಟ. ಆದ್ದರಿಂದ ಪ್ರತಿದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಶಿಷ್ಯರು ಬಂದು ನೀರು ತುಂಬಿ, ಸೊರಗಿದ ಹೂ ಕಿತ್ತು ಹೊಸದು ನೆಟ್ಟು, ಎಲೆಗಳಿಗೆ ನೀರು ಚಿಮುಕಿಸಿ, ಮೇಜಿನ ಮೇಲಿನ ಹನಿ ಒರೆಸಿ ಮಾಯವಾಗುತ್ತಾರೆ. ದೊಡ್ಡ ಪ್ರದರ್ಶನಗಳನ್ನು ಎರಡು ಕಂತುಗಳಾಗಿ ಮಾಡುತ್ತಾರೆ. ಮೊದಲ ಕಂತಿನ ಕೃತಿಗಳನ್ನೆಲ್ಲ ಕಿತ್ತು, ಅದೇ ಮೇಜುಗಳ ಮೇಲೆ ಇನ್ನೊಂದು ತಂಡದವರು ತಮ್ಮ ಹೂ ಇಡುತ್ತಾರೆ. ನೋಡಲು ಬಂದವರ ಪಾಲಿಗೆ ಎಲ್ಲವೂ ಯಾವಾಗಲೂ ತಾಜಾ. ಅಲ್ಲಿ ಯಾವುದೂ ಬಾಡುವುದಿಲ್ಲ.

ನಮ್ಮ ಮೊದಲ ತಕರಾರು ಇರುವುದು ಇಲ್ಲೇ. ಬಾಡುವುದನ್ನು ಒಪ್ಪಿಕೊಂಡೇ ಹುಟ್ಟಿದ ಕಲೆ, ಬಾಡುವುದನ್ನು ನಾಚಿಕೆಗೇಡು ಎಂಬಂತೆ ಮರೆಮಾಡುತ್ತದೆ. ಅದರ ಜೊತೆಗೆ ಬಾಡದಂತೆ ದುಡಿದ ಕೈಗಳೂ ಮರೆಯಾಗುತ್ತವೆ. ಹೂವನ್ನು ಬದುಕಿಸಿಡುವುದೇ ಈ ಕಲೆಯ ಹೆಸರಾಗಿರುವಾಗ, ನಿಜವಾಗಿ ಬದುಕಿಸುವ ಕೆಲಸ, ಅಂದರೆ ನೀರೆರೆಯುವುದು, ಕೊಳೆತದ್ದನ್ನು ತೆಗೆಯುವುದು, ಕಡ್ಡಿಯ ತುದಿ ಮತ್ತೆ ಕತ್ತರಿಸುವುದು, ಕಲೆಯ ಹೊರಗಿನ ಕಸಗುಡಿಸುವ ಕೆಲಸವಾಗಿಬಿಟ್ಟಿದೆ. ಅಡುಗೆಯನ್ನು ಹೊಗಳಿ ಪಾತ್ರೆ ತೊಳೆದವಳನ್ನು ಮರೆಯುವ ನಮ್ಮ ಮನೆಗಳ ರೂಢಿಗೂ ಇದಕ್ಕೂ ಹೆಚ್ಚು ದೂರವಿಲ್ಲ.

ಈ ಮುಚ್ಚುಮರೆಯನ್ನು ಒಡೆದವರೂ ಜಪಾನಿನಲ್ಲೇ ಇದ್ದರು. ನಾಕಾಗಾವಾ ಯುಕಿಯೊ (1918–2012) ಇಕೆನೊಬೊದಲ್ಲಿ ಕಲಿತು, 1951ರಲ್ಲಿ ಅದನ್ನು ಬಿಟ್ಟು ಹೊರಬಂದು, ಶಾಲೆ ಕಟ್ಟದೆ, ಶಿಷ್ಯರ ಸೈನ್ಯವಿಲ್ಲದೆ ಬಡತನದಲ್ಲೇ ಕೆಲಸ ಮಾಡಿದವರು. ಅವರ 1973ರ 'ಹಾನಾಬೊಜು' ಎಂಬ ಕೃತಿಯಲ್ಲಿ ಸುಮಾರು ಒಂಬೈನೂರು ಕೆಂಪು ಕಾರ್ನೇಷನ್ ಹೂಗಳನ್ನು ಗಾಜಿನ ಪಾತ್ರೆಗೆ ಒತ್ತಿ ತುಂಬಿ, ಬಿಳಿಯ ಕಾಗದದ ಮೇಲೆ ಬೋರಲು ಹಾಕಿದ್ದಾರೆ. ಒಳಗೆ ಕೊಳೆಯುತ್ತಿರುವ ಹೂಗಳ ಕೆಂಪು ರಸ ಕಾಗದದ ಮೇಲೆ ರಕ್ತದಂತೆ ಹರಿದಿದೆ. ಆ ಕೃತಿಯ ಛಾಯಾಚಿತ್ರ ನೋಡಿದವರಿಗೆ ಹೂ ಎಂದರೆ ಅಲಂಕಾರ ಎಂಬ ನಂಬಿಕೆ ಒಂದು ಕ್ಷಣವಾದರೂ ಅಲುಗಾಡುತ್ತದೆ. 2002ರಲ್ಲಿ ಅವರು ನೀಗಾತಾ ಪ್ರಾಂತದ ತೊಕಾಮಾಚಿಯಲ್ಲಿ ಶಿನಾನೊ ನದಿಯ ದಂಡೆಯ ಮೇಲೆ ಹೆಲಿಕಾಪ್ಟರ್‌ನಿಂದ ಲಕ್ಷಾಂತರ ಟ್ಯುಲಿಪ್ ಎಸಳುಗಳನ್ನು ಸುರಿಸಿದರು. ಬೀಳುವ ಎಸಳುಗಳ ನಡುವೆ ಮುಪ್ಪಿನ ಒಹ್ನೊ ಕಾಜುವೊ ನೃತ್ಯ ಮಾಡಿದರು. ಅಲ್ಲಿ ಮೇಜಿಲ್ಲ, ತೆರೆಯಿಲ್ಲ, ಹೂದಾನಿಯೂ ಇಲ್ಲ. ಹೂ ಉದುರುವುದೇ ಪ್ರದರ್ಶನ. ಎಲ್ಲರೂ ಹೀಗೆ ಮಾಡಬೇಕೆಂದು ನಾವು ಹೇಳುವುದಿಲ್ಲ. ಹೆಲಿಕಾಪ್ಟರಿನ ಅಬ್ಬರಕ್ಕೂ ಅದರದೇ ಅಹಂಕಾರ ಇದೆ. ಆದರೆ ಸಾವನ್ನು ಮರೆಮಾಡದೆಯೂ ಹೂವನ್ನು ಜನರ ಮುಂದೆ ಇಡಬಹುದು ಎಂಬುದನ್ನು ಆ ಮುದುಕರಿಬ್ಬರು ತೋರಿಸಿಕೊಟ್ಟರು.

ನಮ್ಮ ಎರಡನೆಯ ತಕರಾರು ಹೂವಿನ ಪಕ್ಕದ ಹೆಸರುಚೀಟಿಯ ಬಗ್ಗೆ. ಇಕೆಬಾನಾ ಶಾಲೆಗಳು ಇಯೆಮೊತೊ ಪದ್ಧತಿಯ ಮೇಲೆ ನಿಂತಿವೆ. ಇಯೆಮೊತೊ ಎಂದರೆ ಮನೆತನದ ಮೂಲ, ಶಾಲೆಯ ಮುಖ್ಯಸ್ಥ. ಪದವಿ ಬಹುಪಾಲು ವಂಶದಲ್ಲೇ ಇಳಿಯುತ್ತದೆ. ಕಲಿಯುವವರು ಹಂತ ಹಂತವಾಗಿ ಪ್ರಮಾಣಪತ್ರ ಪಡೆಯುತ್ತ, ಪ್ರತಿ ಹಂತಕ್ಕೂ ಶುಲ್ಕ ಕಟ್ಟುತ್ತ ಮೇಲೇರಬೇಕು. ಪ್ರದರ್ಶನದಲ್ಲಿ ಜಾಗ ಪಡೆಯಲು ಶಿಷ್ಯರು ಹಣ ಕೊಡುವುದು, ಹೂವಿನ ಖರ್ಚನ್ನು ತಾವೇ ಹೊರುವುದು, ಟಿಕೆಟುಗಳನ್ನು ಬಂಧುಮಿತ್ರರಿಗೆ ಹಂಚುವುದು ಸಾಮಾನ್ಯ. ಹೀಗಾಗಿ ಸಭಾಂಗಣದ ನಕ್ಷೆಯೇ ಶ್ರೇಣಿಯ ನಕ್ಷೆ. ಪ್ರವೇಶದಲ್ಲೇ ಮುಖ್ಯಸ್ಥರ ದೊಡ್ಡ ಕೃತಿ, ಆಮೇಲೆ ಹಿರಿಯ ಗುರುಗಳದ್ದು, ಕೊನೆಗೆ ಸಾಲು ಮೇಜಿನ ಮೇಲೆ ಒತ್ತೊತ್ತಾಗಿ ಕಿರಿಯರದ್ದು. ಹೂವಿನ ಸುತ್ತ ಬಿಟ್ಟ ಖಾಲಿ ಜಾಗವೂ ಹೂವಿನಷ್ಟೇ ಮುಖ್ಯ ಎಂದು ಕಲಿಸುವ ಕಲೆಯಲ್ಲಿ, ಆ ಖಾಲಿ ಜಾಗ ಯಾರಿಗೆ ಎಷ್ಟು ಎಂಬುದನ್ನು ಪದವಿ ನಿರ್ಧರಿಸುತ್ತದೆ.

ಈ ಸಾಲು ಮೇಜುಗಳ ಹಿಂದೆ ನಿಂತವರು ಯಾರು? ಬಹುತೇಕ ಹೆಂಗಸರು. ಶತಮಾನಗಳ ಕಾಲ ಇದು ಪುರೋಹಿತರ, ಸಾಮುರಾಯ್‌ಗಳ, ಶ್ರೀಮಂತ ಗಂಡಸರ ಕಲೆಯಾಗಿತ್ತು. ಮೇಜಿ ಆಳ್ವಿಕೆಯ (1868–1912) ಕಾಲದಲ್ಲಿ ಹೆಣ್ಣುಮಕ್ಕಳ ಶಾಲೆಗಳ ಪಾಠವಾಗಿ, ಮುಂದೆ ಮದುವೆಗೆ ಮುನ್ನ ಕಲಿಯಬೇಕಾದ ಗುಣವಾಗಿ ಅದು ಹೆಂಗಸರ ಕೈಗೆ ಬಂತು. ಹೀಗೆ ಕೈಗೆ ಬಂದದ್ದು ಕೆಲಸ. ಯಜಮಾನಿಕೆ ಬರಲು ಬಹಳ ಕಾಲ ಹಿಡಿಯಿತು. ಸೊಗೆತ್ಸು ಶಾಲೆಗೆ 2001ರಲ್ಲಿ ಸೋಫುವಿನ ಮೊಮ್ಮಗಳು ಅಕಾನೆ ಮುಖ್ಯಸ್ಥೆಯಾದರು. ಇಕೆನೊಬೊದಲ್ಲಿ ಮುಂದಿನ ಉತ್ತರಾಧಿಕಾರಿಯಾಗಿ ಗೊತ್ತಾದ ಮಹಿಳೆ 2015ರಲ್ಲಿ ಸೆಂಕೊ ಎಂಬ ಹೆಸರು ಪಡೆದರು. 1594ರಲ್ಲಿ ದೊರೆಯ ಮುಂದೆ ಪೈನ್ ಕೊಂಬೆ ಚಾಚಿದವನ ಹೆಸರೂ ಉಚ್ಚಾರದಲ್ಲಿ ಅದೇ. ಇದು ಸಣ್ಣ ಬದಲಾವಣೆಯಲ್ಲ. ಆದರೆ ಮೇಲಿನ ಹೆಸರು ಬದಲಾದ ಮಾತ್ರಕ್ಕೆ ಕೆಳಗಿನ ಮೇಜು ಅಗಲವಾಗುವುದಿಲ್ಲ ಎಂಬುದನ್ನೂ ಹೇಳಲೇಬೇಕು.

ಇಷ್ಟು ಕಟುವಾಗಿ ಮಾತಾಡುವ ನಮಗೆ ಇಂಥ ಪ್ರದರ್ಶನಗಳೇ ಬೇಡವೆ? ಹಾಗಲ್ಲ. 1945ರ ಟೋಕಿಯೋವನ್ನು ನೆನೆಯೋಣ. ಯುದ್ಧದ ಕೊನೆಯ ವರ್ಷಗಳಲ್ಲಿ ಚೀಬಾ ಪ್ರಾಂತದ ತೀರದ ಊರುಗಳಲ್ಲಿ ಹೂ ಬೆಳೆಯುವುದನ್ನೇ ನಿಷೇಧಿಸಲಾಗಿತ್ತು. ನೆಲವಿರುವುದು ಆಹಾರ ಬೆಳೆಯಲು, ಹೂ ಬೆಳೆಯುವವನು ದೇಶದ್ರೋಹಿ ಎಂಬ ಕಾಲ ಅದು. ನಗರವನ್ನು ಬಾಂಬುಗಳು ಸುಟ್ಟು ಬೂದಿ ಮಾಡಿದ್ದವು. ಯುದ್ಧ ಮುಗಿದ ಆ ವರ್ಷವೇ ಸೋಫು ಮತ್ತು ಒಹಾರಾ ಶಾಲೆಯ ಹೋಉನ್ ಇಬ್ಬರೂ ಸೇರಿ ಅಲ್ಲೊಂದು ಇಕೆಬಾನಾ ಪ್ರದರ್ಶನ ನಡೆಸಿದರು. ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಹೂ ಎಂಬ ನಮ್ಮ ಗಾದೆ ಇಲ್ಲಿಗೆ ಸಲ್ಲುವುದಿಲ್ಲ. ಹೂ ಬೆಳೆಯುವುದನ್ನೇ ಅಪರಾಧವಾಗಿಸಿದ ಪ್ರಭುತ್ವ ಕುಸಿದ ಮೇಲೆ, ಸುಟ್ಟ ಊರಿನ ನಡುವೆ ಒಂದು ಕೊಂಬೆಯನ್ನು ನೀರಿನಲ್ಲಿ ನಿಲ್ಲಿಸಿ 'ಬನ್ನಿ, ನೋಡಿ' ಎಂದು ಕರೆಯುವುದು ಸಾರ್ವಜನಿಕವಾದ ಮಾತೇ ಸರಿ. ಅಲ್ಲಿ ಹೂವನ್ನು ಬದುಕಿಸಿಡುವುದು ಎಂಬುದಕ್ಕೆ ಪೂರ್ತಿ ಅರ್ಥ ಇತ್ತು.

ಮುಂದಿನ ಕತೆಯೂ ಇಷ್ಟೇ ಕುತೂಹಲದ್ದು. ದೇಶವನ್ನು ಆಕ್ರಮಿಸಿ ಕೂತ ಸೇನೆಯ ಅಧಿಕಾರಿಗಳ ಹೆಂಡಂದಿರು ಇದೇ ಗುರುಗಳ ಬಳಿ ಹೂ ಕಲಿಯಲು ಬಂದರು. 1956ರಲ್ಲಿ ಅಮೆರಿಕದ ಎಲೆನ್ ಗಾರ್ಡನ್ ಅಲೆನ್ ಟೋಕಿಯೋದಲ್ಲಿ ಇಕೆಬಾನಾ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಹೂವಿನ ಮೂಲಕ ಗೆಳೆತನ ಎಂಬುದು ಅದರ ಧ್ಯೇಯ. ಬಾಂಬು ಹಾಕಿದವರ ಮನೆಯವರೂ ಬಾಂಬಿಗೆ ಸಿಕ್ಕವರೂ ಒಂದೇ ಮೇಜಿನ ಮುಂದೆ ಕತ್ತರಿ ಹಿಡಿದು ಕೂತರು ಎಂಬುದು ಒಳ್ಳೆಯ ಮಾತೇ. ಆದರೆ ಹೂ ಹೀಗೆ ಲೋಕಸಂಚಾರಕ್ಕೆ ಹೊರಟಾಗ ಹಿಂದಿನ ಬೂದಿಯ ನೆನಪು ಕಳಚಿ, 'ಜಪಾನೀ ಸೌಂದರ್ಯ' ಎಂಬ ಹಗುರವಾದ ಪೊಟ್ಟಣವಾಗಿ ಹೊರಡುವ ಅಪಾಯವೂ ಇತ್ತು.

ಆ ಪೊಟ್ಟಣ ನಮ್ಮೂರಿಗೂ ಬಂದಿದೆ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ತೋಟಗಾರಿಕೆ ಇಲಾಖೆ ಮತ್ತು ಮೈಸೂರು ಉದ್ಯಾನ ಕಲಾ ಸಂಘದವರು ಸ್ವಾತಂತ್ರ್ಯೋತ್ಸವ ಹಾಗೂ ಗಣರಾಜ್ಯೋತ್ಸವದ ಹೊತ್ತಿಗೆ ನಡೆಸುವ ಫಲಪುಷ್ಪ ಪ್ರದರ್ಶನದಲ್ಲಿ ಇಕೆಬಾನಾಕ್ಕೂ ಒಂದು ಮೂಲೆ ಸಿಗುತ್ತಾ ಬಂದಿದೆ. 1889ರ ಗಾಜಿನ ಮನೆಯೊಳಗೆ ಲಕ್ಷಗಟ್ಟಲೆ ಹೂವಿನಿಂದ ಕಟ್ಟಿದ ಗೋಪುರವೋ ಸ್ಮಾರಕವೋ ಇರುತ್ತದೆ. ಜನಸಾಗರ ಅತ್ತ ನುಗ್ಗುತ್ತದೆ. ಇಕೆಬಾನಾ ಇರುವುದು ಬೇರೆ ಸಭಾಂಗಣದಲ್ಲಿ, ತರಕಾರಿ ಕೆತ್ತನೆ, ಒಣಹೂವಿನ ಜೋಡಣೆ, ಕುಬ್ಜ ಮರಗಳ ನೆರೆಯಲ್ಲಿ. ಕಲ್ಲಂಗಡಿಯಲ್ಲಿ ಕೆತ್ತಿದ ನವಿಲನ್ನು ನೋಡಿ ಬೆರಗಾದ ಕಣ್ಣು, ಮೂರೇ ಕಡ್ಡಿ ಎರಡೇ ಹೂವಿನ ತಟ್ಟೆಯ ಮುಂದೆ ನಿಲ್ಲುವುದಾದರೂ ಹೇಗೆ? ಹಿಂದಿನವರು ನೂಕುತ್ತಾರೆ, ಮುಂದಿನವರು ಫೋಟೋ ತೆಗೆಯುತ್ತಾರೆ, ಸಾಲು ಸಾಗುತ್ತದೆ. ಇದರಲ್ಲಿ ಜನರ ಅರಸಿಕತೆಯನ್ನು ದೂರುವವರಿದ್ದಾರೆ. ನಾವು ಜನರನ್ನು ದೂರುವುದಿಲ್ಲ. ಕೂತು ನೋಡಬೇಕಾದ್ದನ್ನು ನಡೆಯುತ್ತ ನೋಡುವಂತೆ ಇಟ್ಟವರನ್ನು ಕೇಳಬೇಕು.

ಕತೆ ಬರೆಯುವ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಸಣ್ಣಕತೆಯಲ್ಲಿ ಹೇಳದೆ ಬಿಟ್ಟ ಮಾತು ಓದುಗನೊಳಗೆ ಬೆಳೆಯಲು ಸ್ವಲ್ಪ ಹೊತ್ತು ಬೇಕು. ಇನ್ನೂರು ಕತೆಗಳನ್ನು ಒಂದು ಗಂಟೆಯಲ್ಲಿ ಓದಿಸಿದರೆ ಓದುಗನಿಗೆ ಉಳಿಯುವುದು ತಲೆನೋವು ಮಾತ್ರ. ಇನ್ನೂರು ಹೂದಾನಿಗಳ ಸಭಾಂಗಣದ ಫಲವೂ ಅದೇ.

ಹಾಗಾದರೆ ಹೇಗಿರಬೇಕು ಎಂದು ಕೇಳುವವರಿಗೆ ನಮ್ಮ ಉತ್ತರ ದೊಡ್ಡ ಸಿದ್ಧಾಂತವೇನಲ್ಲ. ಕೃತಿಗಳು ಕಡಿಮೆ ಇರಲಿ. ಪ್ರತಿ ಕೆಲವು ಕೃತಿಗಳ ಎದುರು ಒಂದು ಬೆಂಚು ಇರಲಿ. ಹೂವಿನ ಎತ್ತರ ಕೂತವರ ಕಣ್ಣಿಗೆ ಸರಿಯಾಗಿರಲಿ. ಹೊಸಬರಿಗೂ ಹಿರಿಯರಷ್ಟೇ ಖಾಲಿ ಜಾಗ ಸಿಗಲಿ. ನೀರೆರೆಯುವ ಕೆಲಸ ಮುಂಜಾನೆ ಕದ್ದುಮುಚ್ಚಿ ನಡೆಯದೆ ನಡುಹಗಲಲ್ಲಿ, ಜನರ ಎದುರೇ ನಡೆಯಲಿ. ಚೀಟಿಯಲ್ಲಿ ಹೂ ಇಟ್ಟವರ ಹೆಸರಿನ ಜೊತೆ ನೀರೆರೆದವರ ಹೆಸರೂ ಇರಲಿ. ಬಾಡಿದ ಹೂವನ್ನು ಕೂಡಲೇ ಕಿತ್ತೆಸೆಯದೆ ಒಂದೆರಡು ಕಡೆಯಾದರೂ ಹಾಗೇ ಬಿಡಲಿ. ಎರಡನೆಯ ಬಾರಿ ಬಂದವನು ಮೊನ್ನೆಯ ಮೊಗ್ಗು ಇಂದು ಏನಾಗಿದೆ ಎಂದು ಹುಡುಕಲಿ.

ಇದರ ಬೀಜ ಅವರ ಸಂಪ್ರದಾಯದಲ್ಲೇ ಇದೆ. ಗುರುಗಳು ವೇದಿಕೆಯ ಮೇಲೆ ಹೂ ಜೋಡಿಸಿ ತೋರಿಸುವ ಕಾರ್ಯಕ್ರಮಗಳಲ್ಲಿ ಅವರು ಹೂದಾನಿಯ ಹಿಂದೆ ನಿಂತು ಕೆಲಸ ಮಾಡುತ್ತಾರೆ. ಹೂವಿನ ಮುಖ ಜನರ ಕಡೆಗೆ. ಮಾಡುವವರಿಗೆ ಕಾಣುವುದು ಅದರ ಬೆನ್ನು ಮಾತ್ರ. ತನಗೆ ಕಾಣದ ಮುಖವನ್ನು ಎದುರಿನವರಿಗಾಗಿ ಹೊಂದಿಸುವ ಈ ಅಭ್ಯಾಸ ನಮಗೆ ಬಹಳ ಹಿಡಿಸುತ್ತದೆ. ಕತ್ತರಿಯ ಸದ್ದು ಕೇಳುತ್ತದೆ, ಉಳಿದ ಎಲೆ ನೆಲಕ್ಕೆ ಬೀಳುತ್ತದೆ, ಒಮ್ಮೊಮ್ಮೆ ಕೊಂಬೆ ಜಾರುತ್ತದೆ, ಮತ್ತೆ ನಿಲ್ಲಿಸುತ್ತಾರೆ. ಶ್ರಮ ಕಣ್ಣೆದುರೇ ಇರುವುದರಿಂದ ಕಲೆಯ ಬೆಲೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಇನ್ನು ಕೊನೆಯ ದಿನದ ಮಾತು. ಎಲ್ಲ ಪ್ರದರ್ಶನಗಳೂ ಕೊನೆಯ ಸಂಜೆ ಬಾಗಿಲು ಹಾಕಿದ ಮೇಲೆ ಬಿಚ್ಚಿಹೋಗುತ್ತವೆ. ಕೆನ್‌ಜಾನ್‌ನಿಂದ ದಂಟುಗಳನ್ನು ಕಿತ್ತು, ನೀರು ಚೆಲ್ಲಿ, ಇನ್ನೂ ಜೀವವಿರುವ ಕೊಂಬೆಗಳನ್ನು ಯಾರೋ ಕಾಗದದಲ್ಲಿ ಸುತ್ತಿ ಮನೆಗೊಯ್ಯುತ್ತಾರೆ, ಮಿಕ್ಕಿದ್ದು ಕಸದ ಚೀಲ ಸೇರುತ್ತದೆ. ಮರುದಿನ ಅದೇ ಜಾಗದಲ್ಲಿ ಪಿಂಗಾಣಿಯದೋ ಬಟ್ಟೆಯದೋ ಮಾರಾಟ. ಈ ಒಂದು ಗಂಟೆಯನ್ನು ಯಾರೂ ನೋಡುವುದಿಲ್ಲ. ಪ್ರದರ್ಶನ ನಡೆಸುವವರಿಗೆ ನಮ್ಮ ಸಲಹೆ ಇಷ್ಟೆ: ಉದ್ಘಾಟನೆಗೆ ಗಣ್ಯರನ್ನು ಕರೆದು ದೀಪ ಹಚ್ಚಿಸುವುದು, ರಿಬ್ಬನ್ ಕತ್ತರಿಸುವುದು ಇದ್ದೇ ಇರಲಿ. ಜೊತೆಗೆ ಈ ಕೊನೆಯ ಗಂಟೆಗೂ ಜನರನ್ನು ಕರೆಯಿರಿ. ಬಂದವರ ಕೈಗೆ ಒಂದೊಂದು ಕೊಂಬೆ ಕೊಟ್ಟು, ದಂಟನ್ನು ನೀರಿನೊಳಗೆ ಹೇಗೆ ಕತ್ತರಿಸಬೇಕೆಂದು ಹೇಳಿ ಕಳಿಸಿ. ಇನ್ನೆರಡು ದಿನ ಅದು ಯಾರದೋ ಮನೆಯ ಲೋಟದಲ್ಲಿ ಬದುಕಿರುತ್ತದೆ.